ಕಾಮಾಕ್ಷತ್ತೆ, ಆರು ಚುಕ್ಕಿ, ಒಂದು ಓಟು

ನಮ್ಮ ಕಾಮಾಕ್ಷತ್ತೆಯನ್ನ ಊರೋರೆಲ್ಲ ಹೊಗಳ್ತಾರೆ. ಯಾಕೆ ಹೊಗಳಲ್ಲ? ಅವರೇನು ಅದರ ಜೊತೆ ಒಂದೇ ಸೂರಿನಡಿ ಬಾಳಬೇಕಾ? ಬಾಳೋಳು ನಾನು. ಉಪ್ಪಿನ ಡಬ್ಬ ಒಂದು ಇಂಚು ಆ ಕಡೆ ಸರಿದ್ರೆ ಸಾಕು, ‘ಸ್ನೇಹಾ, ಇಲ್ಲಿ ಕೈ ಆಡಿಸ್ದೋರು ಯಾರು?’ ಅಂತ ಶುರು. ನನ್ನ ಅಡುಗೆಮನೇಲಿ ನಾನು ಕೈ ಆಡಿಸದೆ ಪಕ್ಕದ ಮನೆಯೋರು ಬಂದು ಆಡಿಸ್ತಾರಾ? ಅರಕಲಗೂಡಿನ ಹೊಗೆಸೊಪ್ಪಿನ ಮನೆಯಿಂದ ಈ ಹಿರೀಸಾವೆ ಕಡೆಯ ಕೊಬ್ಬರಿ ಮನೆಗೆ ಸೊಸೆಯಾಗಿ ಬಂದಾಗ ನಮ್ಮವ್ವ ಹೇಳಿ ಕಳಿಸಿದ್ಳು, ‘ಅತ್ತೆ ಇಲ್ಲದ ಮನೆ, ಆರಾಮಾಗಿರ್ತೀಯ’ ಅಂತ. ಪಾಪ, ಅವಳಿಗೆ ಏನು ಗೊತ್ತಿತ್ತು?

ನನ್ನ ಗಂಡನ ತಾಯಿ ಇರಲಿಲ್ಲ, ನಿಜ. ಇದ್ದದ್ದು ಅವರ ಸೋದರತ್ತೆ, ನಮ್ಮ ಮಾವನವರ ತಂಗಿ ಕಾಮಾಕ್ಷಮ್ಮ. ಹೊಳೆನರಸೀಪುರದ ಕಡೆ ಕೊಟ್ಟಿದ್ರಂತೆ. ಗಂಡ ಬೇಗ ತೀರಿಕೊಂಡ್ರು, ಮಕ್ಕಳಿರಲಿಲ್ಲ, ತವರಿಗೇ ಬಂದ್ಬಿಡ್ತು. ತಾಯಿ ಇಲ್ಲದ ನಮ್ಮನೆಯವರನ್ನ, ಅಂದ್ರೆ ಅರುಣ್‌ಕುಮಾರ್‌ನ, ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಇದೇ ಅತ್ತೆ. ಅವರನ್ನ ಸಾಕುವಾಗ ಒಂದಿಷ್ಟು ಬುದ್ಧಿ ಹೇಳಿದ್ರೆ ಆಗ್ತಿತ್ತಲ್ಲ ಅಂತ ನಾನು ಎಷ್ಟು ಸಲ ಅಂದಿದ್ದೀನೋ.

ಕಣ್ಣು ಒಂದೇ ದಿನ ಹೋಗಿದ್ದಲ್ಲ. ಮೊದಲು ಇರುಳುಗಣ್ಣು. ಆಮೇಲೆ ಪಕ್ಕದಲ್ಲಿ ನಿಂತೋರು ಕಾಣ್ತಿರಲಿಲ್ಲ, ಎದುರಿಗಿದ್ದೋರು ಮಾತ್ರ ಕಾಣ್ತಿದ್ರು. ಕೊನೆಗೆ ಅದೂ ಇಲ್ಲ. ಹಾಸನದ ಡಾಕ್ಟ್ರು ಇದಕ್ಕೆ ಮದ್ದಿಲ್ಲ ಅಂದ್ರಂತೆ. ಏಳನೇ ಕ್ಲಾಸು ಓದಿದ್ದ ಹೆಂಗಸು, ಪೇಪರ್ ಓದದೆ ಕಾಫಿ ಕುಡೀತಿರಲಿಲ್ಲ. ಅಂಥದ್ದು ಕೊಬ್ಬರಿ ಶೆಡ್ಡಿನಲ್ಲಿ ಕೂತು, ಕಾಯಿ ಸುಲಿಯೋದು, ಕೊಬ್ಬರಿ ಆರಿಸೋದು ಮಾಡ್ಕೊಂಡು ಕಾಲ ಹಾಕ್ತಿತ್ತು. ಸುಮ್ಮನೆ ಹಾಗೇ ಇದ್ದಿದ್ರೆ ನಾನೂ ಸುಖವಾಗಿರ್ತಿದ್ದೆ.

ಕೆಡಿಸಿದ್ದು ಹೋದ ಸಲದ ಎಲೆಕ್ಷನ್. ಕಣ್ಣಿಲ್ಲದೋರ ಜೊತೆ ಒಬ್ಬರು ಒಳಗೆ ಹೋಗಿ ಬಟನ್ ಒತ್ತಿಕೊಡಬಹುದು ಅಂತ ಕಾನೂನಿದೆ. ಅತ್ತೆ ಜೊತೆ ಪ್ರತೀ ಸಲ ಹೋಗ್ತಿದ್ದೋರು ನಮ್ಮನೆಯವರೇ. ಅತ್ತೆ ಕಿವೀಲಿ ಹೇಳೋದು, ಇವರು ಒತ್ತೋದು, ಮೆಷಿನ್ನು ಕುಂಯ್ ಅನ್ನೋದು, ಮುಗೀತು. ಆ ಸಲ ಓಟು ಹಾಕಿ ಬಂದು, ಜಗಲಿ ಮೇಲೆ ಸ್ನೇಹಿತರ ಜೊತೆ ಕಾಫಿ ಕುಡೀತಾ ಜಂಬ ಕೊಚ್ಚಿದ್ರು: ‘ಅತ್ತೆ ಯೋಳಿದ್ದೇ ಬ್ಯಾರೆ ಕಣ್ಲಾ, ನಾನ್ ಒತ್ತಿದ್ದೇ ಬ್ಯಾರೆ. ನಮ್ಮನೆ ಓಟು ಎದುರು ಪಾರ್ಟಿಗೆ ಓಗಕ್ಕೆ ಬಿಟ್ಬುಡ್ತೀನಾ?’ ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಕಣ್ಣಿಲ್ಲ ಅಂದ್ರೆ ಕಿವೀನೂ ಇಲ್ಲ ಅನ್ಕೊಂಬಿಡ್ತಾರೆ ಈ ಜನ. ಅತ್ತೆ ಬಾಗಿಲ ಹಿಂದೇನೇ ಕೂತಿತ್ತು. ನಾನು ಲೋಟ ತಗೊಂಡು ಒಳಗೆ ಬಂದಾಗ ಎಡಗೈ ತೋರುಬೆರಳು ಚಾಚಿ, ‘ಮಸಿ ಐತೇನವ್ವಾ?’ ಅಂತು. ‘ಇದೆ ಅತ್ತೆ’ ಅಂದೆ. ‘ಮಸಿ ನಂದು, ಓಟು ಅರುಣಂದು’ ಅಂತು. ಅಷ್ಟೇ. ಕೂಗಾಡಲಿಲ್ಲ, ಅಳಲಿಲ್ಲ. ಕೂಗಾಡಿದ್ರೆ ಅವತ್ತಿಗೇ ಮುಗೀತಿತ್ತು. ಸುಮ್ಮನಾದ ಕಾಮಾಕ್ಷತ್ತೆ ಅಂದ್ರೆ ಮನೆಗೆ ಗಂಡಾಂತರ ಅಂತ ನನಗೆ ಗೊತ್ತಿತ್ತು.

ಅದಾಗಿ ಎಷ್ಟೋ ಕಾಲದ ಮೇಲೆ, ಮಳೆಗಾಲದಲ್ಲಿ ಒಂದು ದಿನ ರೇಡಿಯೋ ಕೇಳ್ತಾ ಕೇಳ್ತಾ ಎದ್ದು ನಿಂತ್ಕೊಂಡ್ತು. ಓಟಿನ ಮೆಷಿನ್ನಿನಲ್ಲಿ ಪ್ರತಿ ಬಟನ್ ಪಕ್ಕ ಬ್ರೈಲ್ ಚುಕ್ಕಿಗಳಲ್ಲಿ ನಂಬರ್ ಇರುತ್ತಂತೆ. ನಿಂತೋರ ಹೆಸರೆಲ್ಲ ಇರೋ ಬ್ರೈಲ್ ಹಾಳೇನೂ ಬೂತ್‌ನಲ್ಲಿ ಕೊಡ್ತಾರಂತೆ. ಓದೋಕೆ ಬಂದ್ರೆ ತಾನೇ ಓದಿ ತಾನೇ ಒತ್ತಬಹುದಂತೆ. ‘ಸ್ನೇಹಾ, ನಾನ್ ಆ ಚುಕ್ಕಿ ಕಲೀಬೇಕು ಕಣವ್ವ. ಬರೋ ಎಲೆಕ್ಷನ್ನಿಗೆ ನನ್ನ ಓಟು ನಾನೇ ಹಾಕ್ಬೇಕು’ ಅಂತು.

ಅರವತ್ತಕ್ಕೆ ಅರಳುಮರಳು ಅಂದ್ಕೊಂಡೆ. ನಮ್ಮನೆಯವರಂತೂ ನಕ್ಕುಬಿಟ್ರು. ಮಾತಾಡೋ ಫೋನು ತಂದುಕೊಟ್ರು. ‘ಫೋನೇ ಎಲ್ಲಾ ಓದಿ ಯೋಳ್ತದೆ ಅತ್ತೆ, ಈ ಕಾಲದಲ್ಲಿ ಚುಕ್ಕಿ ಯಾಕೆ?’

‘ಫೋನು ಊರಿಗೆಲ್ಲಾ ಕೇಳೋ ಅಂಗೆ ಯೋಳ್ತದೆ. ಬೂತ್ ಒಳಕ್ಕೆ ಅದನ್ನ ಬಿಡಾಕಿಲ್ಲ. ನೀನು ಬೇಕಾದ್ರೆ ಅದರ ಜೊತೆ ಮಾತಾಡ್ಕಂಡು ಕೂತ್ಕೊ.’

ಚನ್ನರಾಯಪಟ್ಟಣದಲ್ಲಿ ಚಂದ್ರಶೇಖರಯ್ಯ ಅಂತ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ, ಹುಟ್ಟಿನಿಂದಲೇ ಕಣ್ಣಿಲ್ಲ, ಮನೇಲೇ ಬ್ರೈಲ್ ಹೇಳಿಕೊಡ್ತಾರೆ ಅಂತ ಅತ್ತೆ ಅದ್ಯಾರ್ಯಾರನ್ನ ಕೇಳಿ ಪತ್ತೆ ಮಾಡ್ತೋ! ಕರ್ಕೊಂಡು ಹೋಗೋರು ಯಾರು? ಇದ್ದಾಳಲ್ಲ ಸ್ನೇಹಲತಾ. ವಾರ ವಾರ ಸೋಮವಾರ ಹಿರೀಸಾವೇಲಿ ಬಸ್ಸಿಗೆ ಕಾದು, ಸೀಟು ಸಿಗದೆ ನಿಂತು, ಅತ್ತೆ ಕೈ ಹಿಡಿದು, ಛತ್ರಿ ಹಿಡಿದು, ಬ್ಯಾಗ್ ಹಿಡಿದು. ಓದು ಅದಕ್ಕೆ, ಸುಸ್ತು ನನಗೆ.

ಮೇಷ್ಟ್ರೂ ಏನು ಕಮ್ಮಿ ಇರಲಿಲ್ಲ. ಮೊದಲ ದಿನಾನೇ ಅತ್ತೆಯ ಬಲಗೈ ಹಿಡಿದು ಸವರಿ ನೋಡಿ, ‘ಇದೇನು ಬೆರಳಾ ತಾಯಿ, ತೆಂಗಿನ ಚಿಪ್ಪಾ?’ ಅಂದ್ರು. ಕಾಯಿ ಸುಲಿದೂ ಸುಲಿದೂ ಬಲಗೈ ಬೆರಳ ತುದಿಯೆಲ್ಲ ಜಡ್ಡುಗಟ್ಟಿತ್ತು. ಚುಕ್ಕಿಯ ಮೇಲೆ ಆಡಿಸಿದ್ರೆ ಏನೂ ತಿಳೀತಿರಲಿಲ್ಲ. ‘ಎಡಗೈಲಿ ಓದಿ’ ಅಂದ್ರು. ಅಷ್ಟಕ್ಕೆ ಅತ್ತೆ ಕೈ ಹಿಂದಕ್ಕೆ ಎಳ್ಕೊಂಡ್ತು. ಸರಸ್ವತೀನ ಎಡಗೈಲಿ ಮುಟ್ಟೋದುಂಟಾ? ಅದಕ್ಕೊಂದು ಅರ್ಧ ಗಂಟೆ ವಾದ. ಕೊನೆಗೆ ಮೇಷ್ಟ್ರು ರೇಗಿ, ‘ಓಟಿನ ಮಸಿ ಹಾಕಿಸ್ಕೊಳ್ಳೋದು ಯಾವ ಕೈಗೆ? ಎಡಗೈಗೆ ತಾನೇ? ಸರ್ಕಾರಕ್ಕೆ ಆಗೋ ಕೈ ಸರಸ್ವತಿಗೆ ಆಗಲ್ವಾ?’ ಅಂದ್ರು. ಅತ್ತೆ ಪುಸ್ತಕಾನ ಕಣ್ಣಿಗೊತ್ತಿಕೊಂಡು, ತಪ್ಪಾಯ್ತು ಅಂತ ಕೈ ಮುಗಿದು, ಎಡಗೈ ಬೆರಳಿಟ್ಟಿತು. ನಾನು ಗಡಿಯಾರ ನೋಡಿದೆ. ಬಸ್ಸು ಹೋಗಿತ್ತು.

ಎಡಗೈ ಬೆರಳಿಗೂ ಸುಲಭವಾಗೇನೂ ತಿಳೀಲಿಲ್ಲ. ಒಂದು ಸೋಮವಾರ ಅತ್ತೆಗೆ ರೋಸಿಹೋಗಿ, ‘ಈ ಸಾಸಿವೆ ಕಾಳಿನಂಥ ಚುಕ್ಕೀನ ಯಾವ ಪುಣ್ಯಾತ್ಮ ಕಂಡುಹಿಡಿದ್ನೋ!’ ಅಂತು. ಮೇಷ್ಟ್ರು ಅದಕ್ಕೇ ಕಾಯ್ತಿದ್ದಂಗೆ ಕಾಲು ಮಡಚಿ ಕೂತು ಶುರು ಮಾಡಿದ್ರು.

ಇನ್ನೂರು ವರ್ಷದ ಹಿಂದೆ ಫ್ರಾನ್ಸ್ ದೇಶದ ಒಂದು ಹಳ್ಳೀಲಿ ಲೂಯಿ ಬ್ರೈಲ್ ಅಂತ ಒಬ್ಬ ಹುಡುಗ. ಅಪ್ಪ ಕುದುರೆಗೆ ತಡಿ, ಲಗಾಮು ಹೊಲಿಯೋನು. ಮಗೂಗೆ ಮೂರು ವರ್ಷ ಆಗಿದ್ದಾಗ ಅಪ್ಪನ ದಬ್ಬಣ ತಗೊಂಡು ತೊಗಲು ಚುಚ್ಚೋಕೆ ಹೋಗಿ, ಜಾರಿ ಕಣ್ಣಿಗೇ ಚುಚ್ಚಿಕೊಂಡ. ಆ ಕಣ್ಣಿನ ನಂಜು ಇನ್ನೊಂದಕ್ಕೂ ಹತ್ತಿ ಎರಡೂ ಹೋದ್ವು. ನನಗೆ ತಡೀಲಿಲ್ಲ. ‘ಮಗು ಕೈಗೆ ಸಿಗೋ ಹಂಗೆ ದಬ್ಬಣ ಇಡ್ತಾರಾ ಮೇಷ್ಟ್ರೇ? ಆ ಅಪ್ಪನಿಗೆ ಬುದ್ಧಿ ಬೇಡ್ವಾ?’ ಅಂದೆ. ‘ಸುಮ್ಕಿರು ಸ್ನೇಹಾ, ಅವರು ಸತ್ತು ಎಷ್ಟು ಕಾಲ ಆಯ್ತೋ, ಈಗ ಬೈದ್ರೆ ಕೇಳ್ತದಾ?’ ಅಂತು ಅತ್ತೆ.

ಹುಡುಗನ್ನ ಪ್ಯಾರಿಸ್‌ನ ಅಂಧರ ಶಾಲೆಗೆ ಸೇರಿಸಿದ್ರು. ಅಲ್ಲಿದ್ದ ಪುಸ್ತಕದಲ್ಲಿ ಕಣ್ಣಿದ್ದೋರ ಅಕ್ಷರಾನೇ ದಪ್ಪಗೆ ಉಬ್ಬಿಸಿದ್ರಂತೆ. ಒಂದೊಂದು ಅಕ್ಷರ ತಡವೋ ಹೊತ್ತಿಗೆ ಹಿಂದಿನದು ಮರೆತುಹೋಗೋದು. ಬರೆಯೋಕಂತೂ ಆಗ್ತಾನೇ ಇರಲಿಲ್ಲ. ಆ ಶಾಲೆಗೆ ಸೈನ್ಯದಲ್ಲಿದ್ದ ಒಬ್ಬ ಅಧಿಕಾರಿ ಹೊಸ ಥರದ ಬರಹ ತಂದ. ಕತ್ತಲಲ್ಲಿ ದೀಪ ಹಚ್ಚಿದ್ರೆ ಶತ್ರುಗಳಿಗೆ ಕಾಣತ್ತಲ್ಲ, ಅದಕ್ಕೆ ಸೈನಿಕರು ಬೆರಳಲ್ಲೇ ಓದೋಕೆ ಅಂತ ಮಾಡಿದ ಚುಕ್ಕಿ ಅಂತಾರೆ ಅದನ್ನ. ಆದರೆ ಒಂದು ಗುರುತಿಗೆ ಹನ್ನೆರಡು ಚುಕ್ಕಿವರೆಗೂ ಇರ್ತಿದ್ವು, ಬೆರಳ ತುದಿಗೆ ಒಂದೇ ಸಲ ಸಿಗ್ತಿರಲಿಲ್ಲ. ಲೂಯಿ ಅದನ್ನ ಕೂತು ಕೂತು ಆರಕ್ಕೆ ಇಳಿಸಿದ. ಆಗ ಅವನಿಗೆ ಹದಿನೈದು ವರ್ಷ. ಯಾವ ದಬ್ಬಣ ಕಣ್ಣು ಕಿತ್ಕೊಂಡಿತ್ತೋ ಅಂಥದ್ದೇ ಮೊನೆಯಿಂದ ಕಾಗದ ಚುಚ್ಚಿ ಬರೆದ.

‘ಒಳ್ಳೇದೇ ಆಯ್ತಲ್ಲ’ ಅಂತು ಅತ್ತೆ.

‘ಎಲ್ಲಿ ಒಳ್ಳೇದಾಯ್ತು?’ ಮೇಷ್ಟ್ರ ದನಿ ಏರಿತು. ‘ಮಕ್ಕಳು ಅದ್ರಲ್ಲೇ ಓದಿ ಬರೆಯೋಕೆ ಶುರು ಮಾಡಿದ್ರು. ಕಣ್ಣಿದ್ದ ಮೇಷ್ಟ್ರುಗಳಿಗೆ ಅದು ಓದೋಕೆ ಬರ್ತಿರಲಿಲ್ಲ. ಆಮೇಲೆ ಬಂದ ಒಬ್ಬ ಹೆಡ್‌ಮಾಸ್ತರು ಪುಸ್ತಕ ಸುಡಿಸಿದ, ಚುಕ್ಕೀನೇ ನಿಷೇಧ ಮಾಡಿದ. ಹುಡುಗರು ಕದ್ದು ಕದ್ದು ಬರೆದ್ರು. ಸರ್ಕಾರದೋರು ಒಪ್ಪೋ ಹೊತ್ತಿಗೆ ಲೂಯಿ ಸತ್ತು ಎರಡು ವರ್ಷ ಆಗಿತ್ತು. ನಮ್ಮ ದೇಶದ ಭಾಷೆಗಳಿಗೆಲ್ಲ ಆ ಆರು ಚುಕ್ಕಿ ಒಂದೇ ರೀತಿ ಕೂಡಿಸಿದ್ದು ಸ್ವಾತಂತ್ರ್ಯ ಬಂದಮೇಲೆ. ನಿಮ್ಮ ಕೈಗೆ ಬಂದಿದ್ದು ಇವತ್ತು. ತಾವು ಓದೋಕಾಗದ್ದನ್ನ ಇನ್ನೊಬ್ಬರು ಓದ್ತಾರೆ ಅಂದ್ರೆ ಕಣ್ಣಿದ್ದೋರಿಗೆ ಸಹಿಸಲ್ಲ ಕಾಮಾಕ್ಷಮ್ಮನೋರೆ.’

‘ಗುಟ್ಟಿಗೇ ಹುಟ್ಟಿದ ಬರಹ ಅನ್ನಿ’ ಅಂತು ಅತ್ತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ನಗ್ತಾ ಬಂತು. ಪಕ್ಕದ ಸೀಟಿನೋರು ನನ್ನನ್ನೇ ನೋಡ್ತಿದ್ರು.

ಆಯುಧಪೂಜೆ ಹೊತ್ತಿಗೆ ಮೇಷ್ಟ್ರು ಕೊಟ್ಟ ಮೊದಲ ಪುಸ್ತಕ ಅರ್ಧ ಮುಗಿದಿತ್ತು. ನಮ್ಮನೆಯವರಿಗೆ ದೇವರ ಮೇಲೆ ಭಕ್ತಿ ಜಾಸ್ತಿ, ಬುದ್ಧಿ ಅಷ್ಟೇ ಕಮ್ಮಿ. ಅತ್ತೆಯ ಪುಸ್ತಕಾನೂ ಪೂಜೆಗಿಡೋಣ ಅಂತ ತಗೊಂಡು ಹೋಗಿ, ಟ್ರ್ಯಾಕ್ಟರ್ ಕೀ, ಮಚ್ಚು, ಸುಲಿಗೋಲು ಎಲ್ಲದರ ಅಡಿಗೆ ಇಟ್ಟು, ಮೇಲೆ ಶೆಡ್ಡಿನ ಇಪ್ಪತ್ತು ಕೆಜಿ ತೂಕದ ಕಲ್ಲು ಕೂರಿಸಿದ್ರು. ನೀರಲ್ಲಿ ಕಲಸಿದ ಅರಿಶಿನ ಧಾರಾಳವಾಗಿ ಬಳಿದ್ರು. ಮಾವಿನೆಲೆಯಿಂದ ನೀರು ಬೇರೆ ಚಿಮುಕಿಸಿದ್ರು. ಮಾರನೇ ದಿನ ಅತ್ತೆ ಪುಸ್ತಕ ತೆಗೆದು ಬೆರಳಾಡಿಸಿದ್ರೆ ಹಾಳೆ ಒಳ್ಳೆ ಹಪ್ಪಳದಂಗೆ ಮಟ್ಟಸ. ಒಂದು ಚುಕ್ಕೀನೂ ಇಲ್ಲ.

‘ಪೂಜೆ ಮಾಡಿದ್ದು ತಪ್ಪಾ?’ ಅಂತ ಇವರು.

‘ಅರಿಶಿನ ಉಳ್ಕಂತು ಕಣೋ ಅರುಣ. ಸರಸ್ವತಿ ಎದ್ದೋದ್ಲು.’

ನನಗೆ ನಗೂ ಬಂತು, ಉರಿದೂ ಹೋಯ್ತು. ಅಷ್ಟೊಂದು ಸೋಮವಾರ ನಾನು ಬಸ್ಸಲ್ಲಿ ನಿಂತಿದ್ದು ಇದಕ್ಕಾ? ಮೇಷ್ಟ್ರ ಹತ್ರ ಇನ್ನೊಂದು ಪುಸ್ತಕ ಇರಲಿಲ್ಲ. ‘ನಾನು ಬಾಯಲ್ಲಿ ಹೇಳ್ತೀನಿ, ನೀವೇ ಚುಚ್ಚಿಕೊಳ್ಳಿ’ ಅಂದ್ರು. ಸಣ್ಣ ಸಣ್ಣ ಕಿಂಡಿಗಳಿರೋ ಪಟ್ಟಿಯೊಳಗೆ ದಪ್ಪ ಹಾಳೆ ಸಿಕ್ಕಿಸಿ, ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚಬೇಕು. ಹಾಳೆ ತಿರುಗಿಸಿದ್ರೆ ಚುಕ್ಕಿ ಉಬ್ಬಿರುತ್ತೆ, ಆಗ ಎಡದಿಂದ ಬಲಕ್ಕೆ ಓದಬೇಕು. ಓದೋದೊಂದೇ ಸಾಕು ಅಂದ್ಕೊಂಡಿದ್ದ ಅತ್ತೆ, ಇವರ ಭಕ್ತಿಯ ದೆಸೆಯಿಂದ ಬರೆಯೋದೂ ಕಲಿತುಬಿಡ್ತು.

ಅಲ್ಲಿಂದ ನನಗೆ ಶನಿ ಹಿಡೀತು. ಮಧ್ಯಾಹ್ನ ಕಣ್ಣು ಮುಚ್ಚೋ ಹಂಗಿಲ್ಲ, ಟಕ್ ಟಕ್ ಟಕ್. ಮಕ್ಕಳ ಮದುವೆ ಪತ್ರಿಕೆ ಕೊಡೋಕೆ ಬಂದೋರು ಎದ್ದು ಹೋಗೋದೇ ತಡ, ಆ ದಪ್ಪ ಪತ್ರಿಕೆ ಅತ್ತೆ ಕೈಗೆ. ಎಷ್ಟು ಗಂಟೆಗೆ ಮುಹೂರ್ತ, ಯಾವ ಛತ್ರ ಅಂತ ನೋಡೋಣ ಅಂದ್ರೆ ಮೈತುಂಬ ತೂತು. ಡಬ್ಬಗಳಿಗೆಲ್ಲ ಚುಕ್ಕಿ ಚೀಟಿ ಅಂಟಿಸ್ತು. ನನ್ನ ಅಡುಗೆಮನೇಲಿ ನಾನೇ ಓದು ಬಾರದೋಳಾದೆ. ಅವರೆಕಾಯಿ ಕಾಲ ಬಂತು. ವರ್ಷಾ ವರ್ಷಾ ಹಿತಕಿದ ಬೇಳೆಗೆ ಕಾಳು ಹಿತಕೋಳು ಅತ್ತೆ. ಆ ಸಲ, ‘ನೀರಲ್ಲಿ ನೆಂದ ಕಾಳು ಹಿತಕಿದ್ರೆ ಬೆರಳು ಜಡ್ಡಾಯ್ತದೆ, ಚುಕ್ಕಿ ತಿಳಿಯಾಕಿಲ್ಲ’ ಅಂತ ಕೈ ಎತ್ತಿಬಿಡ್ತು. ಬೇಸನ್ ತುಂಬ ಕಾಳು ನಾನೊಬ್ಬಳೇ ಹಿತಕಿದೆ. ಸಾರು ಮಾತ್ರ ಎಲ್ಲರಿಗಿಂತ ಮುಂಚೆ ಬಡಿಸ್ಕೊಂಡು, ‘ಉಪ್ಪು ಒಂದ್ ಕಲ್ಲು ಕಮ್ಮಿ’ ಅಂತು.

ಎಲೆಕ್ಷನ್ ಬಂತು. ಹಿಂದಿನ ದಿನ ಸಂಜೆ ನಮ್ಮನೆಯವರು ದೇವರ ಮನೆಯಿಂದ ಮಂಜುನಾಥಸ್ವಾಮಿ ಫೋಟೋ ತಂದು ಅತ್ತೆ ಮುಂದೆ ಹಿಡಿದ್ರು. ‘ಮುಟ್ಟಿ ಯೋಳು ಅತ್ತೆ, ನಮ್ಮ ಕ್ಯಾಂಡಿಡೇಟ್‌ಗೇ ಆಕ್ತೀನಿ ಅಂತ.’

‘ಏನ್ ಫೋಟೋನೋ ಏನೋ ಕಣಪ್ಪ. ಮೇಲೆ ಗಾಜು ಐತೆ, ಒಳಗಡೆ ಯಾರವ್ರೆ ಅಂತ ನಂಗೇನ್ ಗೊತ್ತಾಯ್ತದೆ? ಸೀರೆ ಅಂಗಡಿ ಕ್ಯಾಲೆಂಡರೇ ಇದ್ರೂ ಇರ್ಬೋದು. ಒಂದ್ ಸಲ ನಿನ್ನ ನಂಬಿ ಕೆಟ್ಟಿದ್ದೀನಿ.’

‘ನಿನ್ನ ಸಾಕುಮಗ ನಾನು! ನನ್ ಮೇಲೆ ನಂಬಿಕೆ ಇಲ್ವಾ?’

‘ಮಗ ಅಂತ್ಲೇ ಬೈದಿಲ್ಲ. ಬ್ಯಾರೆ ಯಾರಾದ್ರೂ ಆಗಿದ್ರೆ ಪೊರಕೆ ತಗಂಡಿರ್ತಿದ್ದೆ.’

ಇವರು ಫೋಟೋ ಹಿಡ್ಕೊಂಡು ಅಡುಗೆಮನೆ ಹಾದು ದೇವರ ಮನೆಗೆ ಹೋದ್ರು. ನನ್ನ ಹತ್ರ ಆಣೆ ಕೇಳಲಿಲ್ಲ. ಯಾವತ್ತೂ ಕೇಳಿಲ್ಲ. ವಾಪಸ್ ಬರ್ತಾ ಒಂದು ಲೋಟ ನೀರು ಕುಡಿದು, ‘ನೀನು ಮೂರನೇ ನಂಬರ್’ ಅಂದು, ಲೋಟ ಇಟ್ಟು ಹೊರಟ್ರು. ಸಾರಿಗೆ ಒಗ್ಗರಣೆ ಹಾಕು ಅಂದಷ್ಟೇ ಸಲೀಸಾಗಿ.

ಮಾರನೇ ದಿನ ಊರಿನ ಶಾಲೇಲಿ ಓಟು. ಅತ್ತೆ ಮಡಿ ಸೀರೆ ಉಟ್ಕೊಂಡು, ಎಡಗೈ ಬೆರಳಿಗೆ ಹಾಲಿನ ಕೆನೆ ಸವರಿ ಒರೆಸ್ಕೊಂಡು ಬಂತು. ನಮ್ಮನೆಯವರು ಬೆಳಗ್ಗೇನೇ ತಮ್ಮ ಓಟು ಹಾಕಿದ್ರೂ, ಅತ್ತೆ ಜೊತೆ ಅಂತ ಮತ್ತೆ ಬಂದು ನಿಂತ್ರು. ಮಸಿ ಹಾಕಿದ್ರು. ಅಧಿಕಾರಿ ಕೇಳಿದ್ರು, ‘ಜೊತೆಗೆ ಯಾರು ಬರ್ತಾರಮ್ಮ?’

‘ನಾನೇ ಸಾ. ಪ್ರತೀ ಸಲಾನೂ ನಾನೇ’ ಅಂತ ಇವರು ಮುಂದೆ ಬಂದ್ರು.

‘ಇವನು ನಾನ್ ಸಾಕಿದ ಮಗ ಸಾ’ ಅಂತು ಅತ್ತೆ. ‘ಬಂಗಾರದಂಥೋನು. ಆದ್ರೆ ಇವನು ಬ್ಯಾಡ. ಯಾರೂ ಬ್ಯಾಡ. ಚುಕ್ಕಿ ಹಾಳೆ ಕೊಡಿ.’

ಅಧಿಕಾರಿ ಹಾಳೆ ತೆಗೆದುಕೊಟ್ರು. ಅತ್ತೆ ಮೇಜಿನ ಮೇಲೆ ಹಾಸಿ ಬೆರಳಿಟ್ಟಿತು. ಒಂದು ಸಾಲು ಹೋಯ್ತು. ಮತ್ತೆ ಹಿಂದಕ್ಕೆ ಬಂತು. ಮತ್ತೆ ಹೋಯ್ತು. ತುಟಿ ಮಾತ್ರ ಅಲ್ಲಾಡ್ತಿತ್ತು. ಹೊರಗೆ ಬಿಸಿಲು, ಸಾಲು ಬೆಳೀತಿತ್ತು. ನನಗೆ ಒಳಗೊಳಗೇ ಬೇಗೆ. ಬೇಗ ಓದು ಮಾರಾಯ್ತಿ, ಇಷ್ಟು ದಿನ ನನ್ನ ಪ್ರಾಣ ತೆಗೆದಿದ್ದು ಸಾಲದಾ? ಕೊನೆಗೆ ಹಾಳೆ ವಾಪಸ್ ಕೊಟ್ಟು, ಗೋಡೆ ಸವರ್ಕೊಂಡು ರಟ್ಟಿನ ಮರೆಗೆ ಹೋಯ್ತು. ಅತ್ತೆಯ ತುರುಬು ಮಾತ್ರ ಕಾಣ್ತಿತ್ತು. ಶಬ್ದ ಇಲ್ಲ. ನಮ್ಮನೆಯವರ ಹಣೆ ಮೇಲೆ ಬೆವರು.

‘ಅಜ್ಜಿ ಅಲ್ಲೇ ಮಲಗ್ತೋ ಏನೋ’ ಅಂತ ಸಾಲಲ್ಲಿ ಯಾರೋ ಕಿಸಕ್ಕಂದ.

‘ನಿಮ್ಮಪ್ಪನ ಗಂಟೇನಾದ್ರೂ ಹೋಗ್ತದೇನ್ರೀ? ನಿಂತ್ಕೊಳ್ರಿ ಸುಮ್ಮನೆ!’ ಅಂದೆ. ಇಡೀ ರೂಮು ನನ್ನ ಕಡೆ ತಿರುಗ್ತು. ನನ್ನ ಬಾಯಿಂದಲೇ ಬಂತಾ ಅಂತ ನನಗೇ ಗಾಬರಿ.

ಕುಂಯ್ ಅಂತ ಮೆಷಿನ್ ಕೂಗ್ತು.

ಅತ್ತೆ ಮರೆಯಿಂದ ಈಚೆ ಬಂತು. ನಗು ಇಲ್ಲ, ಗರ್ವ ಇಲ್ಲ, ದೇವಸ್ಥಾನದ ಗರ್ಭಗುಡಿ ಮುಂದಿಂದ ಬಂದೋರ ಮುಖ ಇರುತ್ತಲ್ಲ, ಹಾಗಿತ್ತು. ನನಗೆ ಅಳು ಬಂದ್ಬಿಡ್ತು. ಅಳು ಬಂತಲ್ಲ ಅಂತ ಸಿಟ್ಟೂ ಬಂತು. ‘ಇಲ್ಲೇ ನಿಂತ್ಕೊಳ್ಳಿ ಅತ್ತೆ’ ಅಂತ ಬಾಗಿಲ ಹತ್ರ ನಿಲ್ಲಿಸಿ, ನನ್ನ ಸರದಿಗೆ ಒಳಗೆ ಹೋದೆ.

ಮದುವೆಯಾದಾಗಿನಿಂದ ನಾನು ಆ ಮೆಷಿನ್ ಮುಂದೆ ನಿಂತಿದ್ದೀನಿ. ಹೇಳಿದ ನಂಬರ್ ಹುಡುಕಿ ಒತ್ತಿ ಬಂದಿದ್ದೀನಿ. ಅನ್ನಕ್ಕಿಟ್ಟು ಬಂದಿರ್ತೀನಲ್ಲ, ಬೇಗ ಹೋಗಬೇಕು ಅನ್ನೋದೇ ಯೋಚನೆ. ಅವತ್ತು ಬಟನ್ ಪಕ್ಕದ ಚುಕ್ಕಿಗಳನ್ನ ಮುಟ್ಟಿ ನೋಡಿದೆ. ನನಗೆ ಏನೂ ತಿಳೀಲಿಲ್ಲ. ಆಮೇಲೆ ಕಣ್ಣೆತ್ತಿ ಹೆಸರುಗಳನ್ನ ಓದಿದೆ. ಒಂದನೇದರಿಂದ ಶುರು ಮಾಡಿ ಕೊನೇವರೆಗೂ, ಒಂದೊಂದೇ. ಅಲ್ಲಿ ಇಷ್ಟು ಜನ ಇರ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಮರೆಯ ಆಚೆ ಯಾರೋ ಕೆಮ್ಮಿದ್ರು. ಕೆಮ್ಮಲಿ ಅಂತ ಇನ್ನೊಂದು ಸಲ ಓದಿದೆ. ಆಮೇಲೆ ಒತ್ತಿದೆ.

ಮನೆಗೆ ಬಂದು ಅತ್ತೆ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕ್ಕೊಂಡ್ತು. ಇವರು ಬಿಡಬೇಕಲ್ಲ.

‘ಅತ್ತೆ, ಯಾರಿಗಾಕ್ದೆ ಯೋಳ್ಬುಡು.’

‘ಯಾರಿಗೂ ಯೋಳ್ಬಾರ್ದಂತೆ ಕಣಪ್ಪ. ರೇಡಿಯೋದಲ್ಲಿ ಯೋಳವ್ರೆ.’

‘ನಾನೇನು ಯಾರೋನಾ?’

‘ಬೇಕಾದ್ರೆ ಚುಚ್ಚಿ ಕೊಡ್ತೀನಿ, ಓದ್ಕೊ.’

ಇವರು ಹಲ್ಲು ಕಡಿದ್ರು. ತಲೆ ಕೊಡವಿ ನನ್ನ ಕಡೆ ತಿರುಗಿದ್ರು, ಸೋತ ಮನುಷ್ಯ ಮನೆ ಕಂಬಕ್ಕೆ ಒರಗೋ ಥರ. ‘ಈ ಅತ್ತೇದು ಮುಗಿಯೋ ಕತೆ ಅಲ್ಲ. ಓಗ್ಲಿ ಬಿಡು, ನೀನು ಮೂರಕ್ಕೇ ತಾನೇ?’

ಅತ್ತೆಯ ಬಾಯಿ ಅಗಿಯೋದು ನಿಂತ್ಕೊಂಡ್ತು. ನಾನು ಸೆರಗಿಗೆ ಕೈ ಒರೆಸಿದೆ. ಎಡಗೈ ಬೆರಳಿನ ಮಸಿ ಹಾಗೇ ಉಳೀತು.

‘ಊಟ ಬಡಿಸ್ತೀನಿ, ಕೈ ತೊಳ್ಕೊಳ್ಳಿ’ ಅಂದೆ.

‘ಸ್ನೇಹಾ, ನಾನ್ ಕೇಳಿದ್ದೇನು?’

‘ಸಾರು ಆರಿಹೋಗ್ತದೆ, ಏಳಿ.’

ಇವರು ಎರಡೂ ಕಣ್ಣು ಬಿಟ್ಕೊಂಡು ನನ್ನ ಮುಖಾನೇ ನೋಡಿದ್ರು. ಆಕಡೆಯಿಂದ ನೋಡಿದ್ರು, ಈಕಡೆಯಿಂದ ನೋಡಿದ್ರು. ಏನೂ ಕಾಣಲಿಲ್ಲ ಅವರಿಗೆ.